ಟೆಂಡರ್ ಜರಡಿ: ಅರ್ಕಾವೊತ್ತು ಕೊನೆಗೂ ದಾರಿಗೆ ಬಂತು

ಸರ್ಕಾರಿ ಟೆಂಡರ್ ಪಟ್ಟಿ ಸೋಸಲು ನಾನು ಬರೆದ ಪ್ರೋಗ್ರಾಂ ‘ಜರಡಿ’ಗೆ ಕೊನೆಗೂ ‘ಪ್ರವರ್ಗ’ ಅಂತ ಓದಲು ಬಂತು! ಇಷ್ಟು ದಿನ ಅದನ್ನು ‘ಪ್ರವಗರ್’ ಎಂದು ಓದಿಕೊಂಡು, ಮೀಸಲು ಕಾಮಗಾರಿ ಒಂದೂ ಇಲ್ಲ ಅಂತ ಬೆಳಬೆಳಿಗ್ಗೆ ಮೆಸೇಜ್ ಕಳಿಸುತ್ತಿತ್ತು.

ಹೊಸಬರಿಗೆ ಎರಡೇ ಮಾತು. ನಮ್ಮ ಭಾವ ಗುಬ್ಬಿ ಕಡೆ ಚರಂಡಿ, ಮೋರಿ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರರು, ಹಿಂದುಳಿದ ವರ್ಗಗಳ ಪ್ರವರ್ಗ 2ಎಗೆ ಸೇರಿದವರು. ಸರ್ಕಾರಿ ಟೆಂಡರುಗಳ ನಿಯಮ ಹೇಳುವ ರಾಜ್ಯದ 1999ರ ಕೆಟಿಪಿಪಿ ಕಾಯ್ದೆಗೆ ಬಂದ ತಿದ್ದುಪಡಿಗಳಿಂದ ಸಣ್ಣ ಮೊತ್ತದ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ 17.15%, ಪರಿಶಿಷ್ಟ ಪಂಗಡಕ್ಕೆ 6.95%, ಪ್ರವರ್ಗ 1ಕ್ಕೆ 4%, 2ಎಗೆ 15% ಮೀಸಲಿದೆ. ಯಾವ ಕೆಲಸ ಯಾರಿಗೆ ಅನ್ನುವುದು ಪ್ರಕಟಣೆಯ ಪಟ್ಟಿಯಲ್ಲಿ ಎಲ್ಲೋ ಮೂಲೆಯ ಕಾಲಂನಲ್ಲಿ ಕೂತಿರುತ್ತದೆ. ಅದನ್ನು ಹೆಕ್ಕಿ ಫೋನಿಗೆ ಕಳಿಸುವುದೇ ಜರಡಿಯ ಕೆಲಸ.

ಡೌನ್‌ಲೋಡ್, ಟೇಬಲ್ ಬಿಡಿಸುವುದು, ಮೆಸೇಜ್ ಕಳಿಸುವ ಬಾಟ್ ಎಲ್ಲ ನಿಮಗೆ ಗೊತ್ತಿರೋದೇ, ಬಿಡಿ. ತಲೆ ತಿಂದಿದ್ದು ಹಳೇ ನುಡಿ ಫಾಂಟಿನ ಪಿಡಿಎಫ್.

ಕಣ್ಣಿಗೆ ಚೆಂದದ ಕನ್ನಡ. ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳ ಸಂತೆ. ಒಂದೊಂದು ಸಂಕೇತಕ್ಕೆ ಒಂದೊಂದು ಯೂನಿಕೋಡ್ (ಈಗಿನ ಫೋನು, ಕಂಪ್ಯೂಟರುಗಳಿಗೆ ಅರ್ಥವಾಗುವ ಸಂಕೇತ) ಅಕ್ಷರ ಹಾಕಿದರೆ ಆಯ್ತು ಅಂತ ಶುರು ಮಾಡಿದರೆ ‘ರಸ್ತೆ’ ಹೋಗಿ ‘ರಸೆ್ತ’ ಆಗುತ್ತದೆ. ನುಡಿಯಲ್ಲಿ ಮೊದಲು ಸೆ, ಆಮೇಲೆ ಒತ್ತು. ಯೂನಿಕೋಡಿಗೆ ಒತ್ತು ಮೊದಲು, ಸ್ವರ ಆಮೇಲೆ. ಅರ್ಕಾವೊತ್ತಿನದ್ದು ಇನ್ನೂ ತಮಾಷೆ. ಬರೆಯುವಾಗ ಅದು ಅಕ್ಷರದ ಬಲಕ್ಕೆ ಬರುತ್ತದೆ, ನುಡಿಯಲ್ಲೂ ಹಾಗೇ. ಯೂನಿಕೋಡಿನಲ್ಲಿ ಮಾತ್ರ ಉಚ್ಚಾರದಂತೆ ಮುಂದೆ ಬರಬೇಕು. ಹಾಗಾಗಿಯೇ ‘ಕನಾರ್ಟಕ’, ‘ಸಕಾರ್ರ’.

ಮ ಅಕ್ಷರ ಬೇರೆ. ನುಡಿಯಲ್ಲಿ ಅದಕ್ಕೆ ಸ್ವಂತ ಮನೆಯೇ ಇಲ್ಲ, ವ ಬರೆದು ಪಕ್ಕಕ್ಕೆ ಕೊಂಬು ಅಂಟಿಸುತ್ತದೆ. ‘ಮೀಸಲು’ ಹುಡುಕಿದರೆ ಸಿಗುವುದು ‘ವಿುೀಸಲು’. ನನಗೆ ಬೇಕಾದ ಎರಡೇ ಪದ ಮೀಸಲು, ಪ್ರವರ್ಗ. ಕೆಟ್ಟು ಕೂತಿದ್ದೂ ಅವೆರಡೇ!

ಸಂಕೇತ ಬದಲಿಸುವ ಪಟ್ಟಿಯನ್ನೇ ಉದ್ದ ಮಾಡುತ್ತಾ ಹೋಗುವುದನ್ನು ಬಿಟ್ಟೆ. ಈಗ ಪ್ರತಿ ಅಕ್ಷರಕ್ಕೂ ನಾಲ್ಕು ಖಾನೆ: ವ್ಯಂಜನ, ಒತ್ತು, ಸ್ವರ, ಅರ್ಕಾವೊತ್ತು. ಮುಂದಿನ ವ್ಯಂಜನ ಬರುವ ತನಕ ಏನೇ ಬಂದರೂ ಆಯಾ ಖಾನೆಗೆ. ಆಮೇಲೆ ಅರ್ಕಾವೊತ್ತು, ವ್ಯಂಜನ, ಒತ್ತು, ಸ್ವರ ಈ ಕ್ರಮದಲ್ಲಿ ಹೊರಗೆ. ಮ, ಯ ಥರದ ಜೋಡಣೆಗಳನ್ನು ಉದ್ದದಿಂದ ಚಿಕ್ಕದಕ್ಕೆ ಮೊದಲೇ ಹೊಂದಿಸಬೇಕು. ‘ನಿರ್ಮಾಣ’, ‘ಸಾಮರ್ಥ್ಯ’ ಎರಡೂ ಸರಿ ಬಂದ ಮೇಲೆ ನನಗೆ ನಂಬಿಕೆ ಬಂತು. ಹ್ಞಾಂ, ಫಾಂಟ್ ಹೆಸರು ನೋಡದೆ ಸುಮ್ನೆ ಪೂರ್ತಿ ಸಾಲು ಬದಲಿಸಬೇಡಿ. ಇಂಗ್ಲಿಷಿನಲ್ಲಿದ್ದ ಇಎಂಡಿ (ಟೆಂಡರ್ ಠೇವಣಿ) ‘ಇಒಆ’ ಆಗುತ್ತದೆ.

ಈ ಖುಷಿಗೆ ಜರಡಿಯನ್ನು ರಾಸ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಮೇಲೆ ಓಡಿಸೋಣ ಅಂತಿದ್ದೆ. ಅಂಗಡಿಯವನು ಕಳಿಸಿದ ಅಡಾಪ್ಟರಿನ ಪಿನ್ನೇ ಬೇರೆ. ಕೇಳಿದರೆ ‘ಕನ್ವರ್ಟರ್ ಹಾಕ್ಕೊಳ್ಳಿ ಸರ್’ ಅಂತಾನೆ, ದುಡ್ಡು ಜಾಸ್ತಿ. ಸದ್ಯಕ್ಕೆ ಹಳೇ ಲ್ಯಾಪ್‌ಟಾಪೇ ಗತಿ.

ಅಷ್ಟರಲ್ಲಿ ಇನ್ನೊಂದು. ಓದಲು ಬಂದ ಕೂಡಲೇ ಒಂದು ಊರಿನ ಎಲ್ಲಾ ಚರಂಡಿಗಳೂ ಪರಿಶಿಷ್ಟ ಪಂಗಡಕ್ಕೆ ಮೀಸಲು ಅಂತ ಜರಡಿ ಸಾರಿತು. ಕಾರಣ ‘ಪ.ಪಂ.’. ಅದು ಪರಿಶಿಷ್ಟ ಪಂಗಡವೂ ಹೌದು, ಪಟ್ಟಣ ಪಂಚಾಯಿತಿಯೂ ಹೌದು! ಈಗ ಮೀಸಲು ಕಾಲಂ ಒಳಗಿದ್ದರೆ ಮಾತ್ರ ಪಂಗಡ.

2ಬಿಗೆ ಖಾನೆ ಮಾಡಿದ್ದೇನೆ, ಮೆಸೇಜ್ ಹೋಗಲ್ಲ. ಮುಸ್ಲಿಂ ಗುತ್ತಿಗೆದಾರರಿಗೆ ಅದರಡಿ 4% ಕೊಟ್ಟು, ಕಾಮಗಾರಿ ಮಿತಿಯನ್ನು 2 ಕೋಟಿಗೆ ಏರಿಸುವ ಮಸೂದೆ 2025ರ ಮಾರ್ಚ್‌ನಲ್ಲಿ ಪಾಸಾಗಿತ್ತು. ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಕಡೆಗೆ ದಾಟಿಸಿದರು. ಅಂಕಿತ ಬಿದ್ದರೆ ಒಂದು ಸಾಲು ಬದಲಿಸಿದರೆ ಸಾಕು.

ಮುಂದಿನದ್ದು ಈಗಲೇ ತಲೆಯಲ್ಲಿ ಕುಣಿಯುತ್ತಿದೆ. ಹಿರೇಹಳ್ಳಿಯಲ್ಲಿ ಸ್ಟೀಲ್ ರ‍್ಯಾಕ್ ಮಾಡುವ ಗೆಳೆಯನಿಗೆ ಜೆಮ್ ಪೋರ್ಟಲ್ (ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆ) ಲೆಕ್ಕ. ಕೇಂದ್ರದ 2012ರ ಖರೀದಿ ನೀತಿಯಲ್ಲಿ ಸಣ್ಣ ಉದ್ಯಮಗಳಿಗೆ 25% ಪಾಲು. ಅದರೊಳಗೆ ಪರಿಶಿಷ್ಟರ ಉದ್ಯಮಕ್ಕೆ 4%, ಮಹಿಳೆಯರದ್ದಕ್ಕೆ 3%. ಎಲ್1, ಅಂದರೆ ಎಲ್ಲಕ್ಕಿಂತ ಕಡಿಮೆ ದರದ ಬಿಡ್, ದೊಡ್ಡ ಕಂಪನಿಯದ್ದಾಗಿ, ನಮ್ಮ ದರ ಅದಕ್ಕಿಂತ 15% ಒಳಗಿದ್ದರೆ, ಎಲ್1 ದರಕ್ಕೆ ಇಳಿದು ಪಾಲು ಕೇಳಬಹುದು. ಇಳಿದರೆ ಗಿಟ್ಟುತ್ತದಾ ಅಂತ ಬಿಡ್ ಹಾಕುವ ಮುಂಚೆಯೇ ಹೇಳುವ ಶೀಟ್ ಬೇಕು. ತಯಾರಿಸುವವರಿಗೆ ಮಾತ್ರ, ತಂದು ಮಾರುವವರಿಗಿಲ್ಲ. ಅದು ಗೆಳೆಯನಿಗೆ ಭಾರೀ ಸಮಾಧಾನ.

ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿವೆ. ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್ ಪರವಾಗಿಲ್ಲ, ಆದರೆ ಕಚೇರಿಯ ನೀಲಿ ಸೀಲು ಹುಡುಕಿಕೊಂಡು ಹೋಗಿ ಮೀಸಲು ಕಾಲಂ ಮೇಲೆಯೇ ಬೀಳುತ್ತದೆ. ಬಣ್ಣ ಬೇರ್ಪಡಿಸಿ ಸೀಲು ಅಳಿಸಿದವರಿದ್ದರೆ ಹೇಗೆ ಮಾಡಿದಿರಿ ಹೇಳಿ.