ಒಂದು ಸೆಕೆಂಡು ಉಳಿದಿತ್ತು

ಜನವರಿ 10, 2017, ಮಂಗಳವಾರ

ಆಟ ಮುಗಿದು ಎಷ್ಟೋ ಹೊತ್ತಾಯಿತು, ಮನಸ್ಸು ಇನ್ನೂ ಅಲ್ಲೇ ಇದೆ. ಕ್ಲೆಮ್ಸನ್ ವಿಶ್ವವಿದ್ಯಾಲಯದ ತಂಡ ಗೆದ್ದುಬಿಟ್ಟಿತು! ಟ್ಯಾಂಪಾದಲ್ಲಿ ನಡೆದ ಅಮೆರಿಕನ್ ಕಾಲೇಜು ಫುಟ್‌ಬಾಲ್ ಫೈನಲ್‌ನಲ್ಲಿ ಅಲಬಾಮಾ ವಿರುದ್ಧ 35-31. 1981ರ ನಂತರ ಅವರಿಗೆ ಇದೇ ಮೊದಲ ರಾಷ್ಟ್ರೀಯ ಪ್ರಶಸ್ತಿ. ಹೋದ ವರ್ಷದ ಫೈನಲ್‌ನಲ್ಲಿ ಇದೇ ಅಲಬಾಮಾಗೆ 45-40ರಲ್ಲಿ ಸೋತಾಗ ನನಗೆ ಊಟ ಸೇರಿರಲಿಲ್ಲ.

ನಿಜ ಹೇಳಬೇಕೆಂದರೆ ತಂಡಕ್ಕಿಂತ ಅದರ ಕೋಚ್ ಮೇಲೆ ನನಗೆ ಪ್ರೀತಿ ಜಾಸ್ತಿ. ಡಾಬೊ ಸ್ವಿನ್ನಿ. ಹುಟ್ಟು ಹೆಸರು ವಿಲಿಯಂ. ಪುಟ್ಟ ಅಣ್ಣನ ಬಾಯಲ್ಲಿ 'ದಟ್ ಬಾಯ್' ಅನ್ನೋದು 'ಡಾಬೊ' ಆಯಿತಂತೆ, ಅದೇ ಉಳಿದುಕೊಂಡಿತು.

ಅಲಬಾಮಾ ರಾಜ್ಯದ ಪೆಲ್ಹ್ಯಾಮ್‌ನಲ್ಲಿ ಬೆಳೆದ ಹುಡುಗ. ಅಪ್ಪನ ವ್ಯಾಪಾರ ಮುಳುಗಿತು. ಸಾಲ ಬಂತು, ಕುಡಿತ ಬಂತು, ಮನೆ ಕೈಬಿಟ್ಟಿತು. ಅಪ್ಪ ಅಮ್ಮ ಬೇರೆಯಾದರು. ಅಮ್ಮನಿಗೋ ಚಿಕ್ಕಂದಿನಲ್ಲೇ ಪೋಲಿಯೊ ಆಗಿತ್ತು.

1989ರಲ್ಲಿ ಡಾಬೊ ಅಲಬಾಮಾ ವಿಶ್ವವಿದ್ಯಾಲಯದ ತಂಡಕ್ಕೆ ವಾಕ್-ಆನ್ ಆಗಿ ಸೇರಿದರು. ವಾಕ್-ಆನ್ ಅಂದರೆ ಯಾರೂ ಕರೆಯದೆ, ಸ್ಕಾಲರ್‌ಶಿಪ್ ಇಲ್ಲದೆ, ತಾನಾಗಿಯೇ ಹೋಗಿ ಆಡಿ ತೋರಿಸುವವನು. ಖರ್ಚಿಗೆ ಬೇರೆಯವರ ಮನೆಗಳ ಸೂರಿನ ಮಳೆನೀರು ದೋಣಿಗಳಲ್ಲಿ ತುಂಬಿದ ಎಲೆ, ಕಸ ತೆಗೆಯುತ್ತಿದ್ದರು. ಆಗ ಅಮ್ಮನಿಗೆ ಇರಲು ಜಾಗವಿರಲಿಲ್ಲ. ಮಗ ತನ್ನ ಬಾಡಿಗೆ ಅಪಾರ್ಟ್‌ಮೆಂಟಿಗೇ ಕರೆದುಕೊಂಡು ಬಂದ. ತಾಯಿ ಮಗನಿಗೆ ಒಂದೇ ಕೋಣೆ, ಒಂದೇ ಹಾಸಿಗೆ. ಅಮ್ಮ ಅಲ್ಲಿಂದಲೇ ದಿನಾ ಕೆಲಸಕ್ಕೆ ಹೋಗಿ ಬರುತ್ತಿದ್ದರು.

ನಾನು ಆ ಕೋಣೆಯ ಬಗ್ಗೆ ಎಷ್ಟು ಸಲ ಯೋಚಿಸಿದ್ದೇನೋ. ಕಾಲೇಜು ಹುಡುಗರಿಗೆ ಆ ವಯಸ್ಸಲ್ಲಿ ಎಂಥೆಂಥದಕ್ಕೋ ನಾಚಿಕೆ. ಈ ಹುಡುಗ ಸಂಜೆ ಪ್ರ್ಯಾಕ್ಟೀಸ್ ಮುಗಿಸಿ ಮೈಕೈ ನೋವಿನಲ್ಲಿ ಬಂದು, ಅಮ್ಮನ ಪಕ್ಕ ಮಲಗುತ್ತಿದ್ದ. ಅದನ್ನು ಯಾವತ್ತೂ ಮುಚ್ಚಿಡಲಿಲ್ಲ. 'ಕಷ್ಟವೇ ಮನುಷ್ಯನನ್ನು ಬೆಳೆಸುತ್ತದೆ' ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಕಷ್ಟ ಎಷ್ಟೋ ಮಕ್ಕಳನ್ನು ಸುಮ್ನೆ ಮುರಿದುಹಾಕುತ್ತದೆ. ಡಾಬೊಗೆ ಅಮ್ಮ ಇದ್ದರು, ಅಮ್ಮನಿಗೆ ಡಾಬೊ ಇದ್ದರು.

ಮುಂದೆ ಸ್ಕಾಲರ್‌ಶಿಪ್ಪೂ ಸಿಕ್ಕಿತು. 1992ರ ಸೀಸನ್‌ನಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದ ಅಲಬಾಮಾ ತಂಡದಲ್ಲಿ ಅವರೂ ಇದ್ದರು. ಅಲ್ಲೇ ಸಹಾಯಕ ಕೋಚ್ ಆದರು. 2000ದ ಸೀಸನ್ ಮುಗಿದಾಗ ಆ ಕೆಲಸ ಹೋಯಿತು, ಎರಡು ವರ್ಷ ರಿಯಲ್ ಎಸ್ಟೇಟ್ ಕಂಪನಿಯಲ್ಲಿ ದುಡಿದರು. 2003ರಲ್ಲಿ ಕ್ಲೆಮ್ಸನ್ ಕರೆಯಿತು. 2008ರ ಅಕ್ಟೋಬರ್‌ನಲ್ಲಿ, ಸೀಸನ್ ಮಧ್ಯದಲ್ಲೇ, ಅಲ್ಲಿಯವರೆಗೂ ಎಲ್ಲೂ ಮುಖ್ಯ ಕೋಚ್ ಆಗಿರದ 38ರ ಈ ಮನುಷ್ಯನ ಕೈಗೆ ತಂಡ ಬಂತು.

ಅಪ್ಪನ ಜೊತೆಗೂ ರಾಜಿಯಾಗಿತ್ತು. ಅವರು ಕುಡಿತ ಬಿಟ್ಟಿದ್ದರು. ಕ್ಯಾನ್ಸರ್ ಬಂದಾಗ ಮಗನ ಮನೆಯಲ್ಲೇ ಇದ್ದು ಚಿಕಿತ್ಸೆ ತೆಗೆದುಕೊಂಡರು. 2015ರಲ್ಲಿ ತೀರಿಕೊಂಡರು. ಇನ್ನೊಂದೂವರೆ ವರ್ಷ ಇದ್ದಿದ್ದರೆ ಈ ರಾತ್ರಿಯನ್ನು ನೋಡುತ್ತಿದ್ದರು, ಅಲ್ವಾ?

ಕೊನೆಯ ಆ ಕ್ಷಣಕ್ಕೆ ಬರುತ್ತೇನೆ. ಎರಡು ನಿಮಿಷ ಏಳು ಸೆಕೆಂಡು ಇದ್ದಾಗ ಅಲಬಾಮಾ 31-28ರಿಂದ ಮುಂದೆ ಹೋಯಿತು. ಚೆಂಡು ಕೈಗೆ ಬಂದಾಗ ಎದುರಾಳಿಯ ಗೆರೆ ಮುಟ್ಟಲು ಕ್ಲೆಮ್ಸನ್ 68 ಗಜ ದಾಟಬೇಕಿತ್ತು. ಚೆಂಡು ಎಸೆದು ಆಟ ನಡೆಸುವ ಕ್ಲೆಮ್ಸನ್ ಆಟಗಾರ ದೆಶಾನ್ ವಾಟ್ಸನ್ ಪಾಸ್ ಮೇಲೆ ಪಾಸ್ ಕೊಡುತ್ತಾ ಬಂದ. ಕೊನೆಗೆ ಎರಡೇ ಗಜ, ಆರೇ ಸೆಕೆಂಡು. ಮೂರು ಅಂಕದ ಕಿಕ್ ಹೊಡೆದು ಸಮ ಮಾಡಿಕೊಳ್ಳಬಹುದಿತ್ತು. ಚೆಂಡನ್ನು ಗೆರೆಯಾಚೆ ಹಿಡಿದರೆ ಆರು ಅಂಕ. ಡಾಬೊ ಗೆಲುವಿಗೇ ಹೋದರು.

ವಾಟ್ಸನ್ ಬಲಕ್ಕೆ ಓಡುತ್ತಾ ಚೆಂಡು ಎಸೆದ. ಹಿಡಿದವನು ಹಂಟರ್ ರೆನ್‌ಫ್ರೋ. ತೆಳ್ಳಗಿನ ಹುಡುಗ, ದೊಡ್ಡ ತಂಡಗಳು ಕಣ್ಣೆತ್ತಿಯೂ ನೋಡಿರಲಿಲ್ಲ. ಕ್ಲೆಮ್ಸನ್‌ಗೆ ಅವನು ಬಂದದ್ದೂ ವಾಕ್-ಆನ್ ಆಗಿಯೇ. ಚೆಂಡನ್ನು ಎದೆಗೆ ಅವುಚಿಕೊಂಡ. ಗಡಿಯಾರದಲ್ಲಿ ಒಂದು ಸೆಕೆಂಡು ಉಳಿದಿತ್ತು.

ಆ ಕ್ಲಿಪ್ ಇನ್ನೊಂದು ಸಲ ಹಾಕಿಕೊಳ್ಳುತ್ತೇನೆ, ಆಮೇಲೆ ಮಲಗುತ್ತೇನೆ.