ಸಂಬಳವಿಲ್ಲದ ಬರಹಗಾರರ ಮನೆಖರ್ಚು

ಬರವಣಿಗೆಯಿಂದಲೇ ಮನೆ ನಡೆಸುತ್ತೇನೆ ಅಂದರೆ ನಮ್ಮ ಕಡೆ ಮೊದಲು ಬರುವ ಪ್ರಶ್ನೆ, ‘ಸಾಕಾಗ್ತದಾ?’ ಅಂತ. ಸಾಕಾಗುತ್ತದೆ. ಸಾಕಾಗುವ ಹಾಗೆ ನಾವು ಮಾಡಿಕೊಳ್ಳಬೇಕು, ಅಷ್ಟೇ. ಅದು ಹೇಗೆ ಅಂತ ಹೊಸದಾಗಿ ಈ ಕೆಲಸಕ್ಕೆ ಇಳಿದಿರುವ ಒಂದಿಬ್ಬರು ಕೇಳಿದ್ದರು. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಾನಿರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದ ಹತ್ತಿರ. ಮಲಯಾಳದಿಂದ ಕನ್ನಡಕ್ಕೆ ಅನುವಾದ ಮಾಡುವುದು ಮುಖ್ಯ ಕೆಲಸ. ಜೊತೆಗೆ ಪ್ರೂಫ್ ನೋಡುತ್ತೇನೆ, ಪತ್ರಿಕೆಗಳಿಗೆ ಬರೆಯುತ್ತೇನೆ, ದೇವಸ್ಥಾನಗಳ ಬ್ರಹ್ಮಕಲಶದ ಸೀಸನ್ನಿನಲ್ಲಿ ಸ್ಮರಣ ಸಂಚಿಕೆಗಳ ಕೆಲಸವೂ ಸಿಗುತ್ತದೆ. ದುಡ್ಡು ಮಾತ್ರ ಕೆಲಸ ಬಂದ ಹಾಗೆ ಬರುವುದಿಲ್ಲ. ಮಾರ್ಚಿನಲ್ಲಿ ಮುಗಿಸಿಕೊಟ್ಟದ್ದಕ್ಕೆ ಜುಲೈನಲ್ಲಿ ಬರಬಹುದು, ಒಮ್ಮೊಮ್ಮೆ ಮೂರು ಕಡೆಯದ್ದು ಒಂದೇ ವಾರದಲ್ಲಿ ಬಂದು ಬೀಳಬಹುದು, ಆಮೇಲೆ ಎರಡು ತಿಂಗಳು ಏನೂ ಇಲ್ಲ.

ಇಂಥ ಆದಾಯದಲ್ಲಿ ಬದುಕುವುದನ್ನು ನಾನು ಕಲಿತದ್ದು ಸುತ್ತಮುತ್ತಲಿನ ಅಡಿಕೆ ತೋಟದವರಿಂದ. ಅಡಿಕೆ ಕೊಯ್ದು, ಅಂಗಳದಲ್ಲಿ ಒಣಗಿಸಿ, ಸುಲಿದು ಚಾಲಿ ಮಾಡಿದ ಕೂಡಲೇ ಎಲ್ಲವನ್ನೂ ಮಾರಿಬಿಡುವವರು ಕಡಿಮೆ. ಗೋಣಿಯಲ್ಲಿ ಕಟ್ಟಿಟ್ಟು, ಬೇಕಾದಾಗ ಬೇಕಾದಷ್ಟನ್ನು ಅಂಗಡಿಗೋ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋಗೋ ಕೊಡುತ್ತಾರೆ. ಕ್ಯಾಂಪ್ಕೋ ಹುಟ್ಟಿದ್ದೇ ಅಡಿಕೆ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದ ಕಾಲದಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ. ಮನೆಯಲ್ಲಿ ದಾಸ್ತಾನು ಇದ್ದವರು ಬೆಲೆ ಇಳಿದಾಗ ‘ಈಗ ಕೊಡುವುದಿಲ್ಲ’ ಅನ್ನುತ್ತಾರೆ. ಇಲ್ಲದವರು ಸಿಕ್ಕಿದ ಬೆಲೆಗೆ ಕೊಡಲೇಬೇಕು. ಬರೆಯುವವರ ಪಾಡೂ ಇದೇ ಅಲ್ವಾ? ನಾಲ್ಕು ತಿಂಗಳ ಖರ್ಚಿಗೆ ಆಗುವಷ್ಟು ಕೈಯಲ್ಲಿದ್ದರೆ, ಪುಟಕ್ಕೆ ಇಷ್ಟೇ ಕೊಡುವುದು ಎಂದು ತೀರಾ ಕಡಿಮೆ ಹೇಳುವವರ ಹತ್ತಿರ ‘ಆಗುವುದಿಲ್ಲ’ ಅನ್ನಬಹುದು. ನಾನು ಖರ್ಚು ಹಿಡಿಯುವುದು ಈ ಒಂದು ಮಾತನ್ನು ಹೇಳಲಿಕ್ಕಾಗಿಯೇ.

ಮಾಡುವುದು ಇಷ್ಟು. ಬ್ಯಾಂಕಿನಲ್ಲಿ ಎರಡು ಖಾತೆ ಇಟ್ಟಿದ್ದೇನೆ. ಯಾರೇ ದುಡ್ಡು ಹಾಕಲಿ, ಅದು ಮೊದಲನೆಯದಕ್ಕೆ ಬರುತ್ತದೆ, ಅದಕ್ಕೆ ಎಟಿಎಂ ಕಾರ್ಡ್ ಇಟ್ಟುಕೊಂಡಿಲ್ಲ, ಫೋನಿನಲ್ಲಿ ಅದರ ಯುಪಿಐಯೂ ಇಲ್ಲ. ಪ್ರತಿ ತಿಂಗಳ ಒಂದನೇ ತಾರೀಕಿಗೆ ಅಲ್ಲಿಂದ 18,000 ರೂಪಾಯಿ ಎರಡನೆಯದಕ್ಕೆ ಹೋಗುತ್ತದೆ. ಆ ತಿಂಗಳು ನಡೆಯಬೇಕಾದದ್ದು ಅಷ್ಟರಲ್ಲೇ. ಈ ಮೊತ್ತವನ್ನು ಹಿಂದಿನ ವರ್ಷದ ಸರಾಸರಿ ನೋಡಿ ಇಟ್ಟದ್ದಲ್ಲ, ತೀರಾ ಬಿಗಿಯಾಗಿದ್ದ ತಿಂಗಳುಗಳನ್ನು ನೋಡಿ ಇಟ್ಟದ್ದು. ಸರಾಸರಿ ಹಿಡಿದರೆ ಒಳ್ಳೆಯ ತಿಂಗಳಿನ ಗಾಳಿಯಲ್ಲಿ ಖರ್ಚು ಮೇಲೆ ಹೋಗುತ್ತದೆ, ಆಮೇಲೆ ಕೆಳಗೆ ಇಳಿಸುವುದು ಬಹಳ ಕಷ್ಟ.

ಇನ್ನು ಮನೆಯ ಒಳಗಿನ ಲೆಕ್ಕ. ಕೇರಳದಲ್ಲಿ ಕರೆಂಟ್ ಬಿಲ್ ಎರಡು ತಿಂಗಳಿಗೊಮ್ಮೆ ಬರುತ್ತದೆ. ತಿಂಗಳಿಗೆ 250 ಯೂನಿಟ್ ವರೆಗೆ ದರ ಹಂತ ಹಂತವಾಗಿ ಏರುತ್ತದೆ, ಅಂದರೆ ಮೊದಲ ಯೂನಿಟ್‌ಗಳಿಗೆ ಕಡಿಮೆ ದರವೇ ಸಿಗುತ್ತದೆ. ಅದನ್ನು ದಾಟಿದರೆ ಆ ಲಾಭ ಇಲ್ಲ, ಮೊದಲನೇ ಯೂನಿಟ್‌ನಿಂದಲೇ ಹೆಚ್ಚಿನ ದರ. ಹಾಗಾಗಿ ಎರಡು ತಿಂಗಳಿಗೆ 500ರ ಗೆರೆ ನಮಗೆ ದೊಡ್ಡದು. ಮನೆಯಲ್ಲಿ ಕೂತು ಕೆಲಸ ಮಾಡುವವರು ಹಗಲೂ ಫ್ಯಾನು, ಲೈಟು, ಕಂಪ್ಯೂಟರ್ ಉರಿಸುತ್ತೇವೆ. ಏಪ್ರಿಲ್, ಮೇ ಬಂದರೆ ನಾನು ಬೆಳಗಿನ ಜಾವ ಎದ್ದು ಅನುವಾದಕ್ಕೆ ಕೂರುತ್ತೇನೆ. ಆಗ ಫ್ಯಾನ್ ಬೇಡ, ತಲೆಯೂ ಚುರುಕಾಗಿರುತ್ತದೆ. ಮಧ್ಯಾಹ್ನದ ಸೆಕೆಗೆ ಪ್ರೂಫ್ ನೋಡುವ ಕೆಲಸ ಸಾಕು. ತಿಂಗಳ ನಡುವೆ ಮೀಟರ್ ಒಮ್ಮೆ ನೋಡಿ ಬರೆದಿಟ್ಟುಕೊಳ್ಳುತ್ತೇನೆ.

ಅಡುಗೆಮನೆಯ ಉಳಿತಾಯ ಅಮ್ಮನ ಕೈಯಲ್ಲಿದೆ, ಅದರ ಬಗ್ಗೆ ನಾನು ಜಾಸ್ತಿ ಹೇಳುವಂತಿಲ್ಲ. ಹಲಸಿನಕಾಯಿ ನಮ್ಮಲ್ಲಿ ದುಡ್ಡು ಕೊಟ್ಟು ತರುವ ವಸ್ತುವಲ್ಲ. ಬೇಸಗೆಯಲ್ಲೇ ಸೊಳೆ ಉಪ್ಪಿನ ಜೊತೆ ಭರಣಿಗೆ ಬಿದ್ದು ಉಪ್ಪುಸೊಳೆಯಾಗುತ್ತದೆ, ಹಪ್ಪಳ ಒಣಗುತ್ತದೆ, ಬೀಜ ಬೆಂದು ಒಣಗಿ ಸಾಂತಾಣಿಯಾಗುತ್ತದೆ. ಮಳೆಗಾಲದಲ್ಲಿ ಪಾವತಿ ತಡವಾದರೂ ಗಂಜಿಗೆ ನೆಂಜಿಕೊಳ್ಳಲು ಏನಾದರೂ ಇದ್ದೇ ಇರುತ್ತದೆ. ರೇಷನ್ ಕಾರ್ಡ್ ಹಿಡಿದು ಸರ್ಕಾರದ ಮಾವೇಲಿ ಸ್ಟೋರಿಗೆ ಹೋದರೆ 13 ಬಗೆಯ ಸಾಮಾನು ಸಬ್ಸಿಡಿ ದರದಲ್ಲಿವೆ. ‘ಲೇಖಕರು ಕ್ಯೂನಲ್ಲಿ ನಿಲ್ಲುವುದಾ’ ಅಂತ ಒಬ್ಬರು ಕೇಳಿದ್ದರು. ನಿಲ್ಲುತ್ತೇನೆ, ಇದರಲ್ಲಿ ಸಂಕೋಚ ಯಾಕೆ?

ಮಂಗಳೂರಿಗೆ ಹೋಗುವುದಿದ್ದರೆ ಒಂದೇ ದಿನಕ್ಕೆ ನಾಲ್ಕೈದು ಕೆಲಸ ಸೇರಿಸಿಕೊಂಡು, ಕುಂಬಳೆಯಿಂದ ಪ್ಯಾಸೆಂಜರ್ ರೈಲು. ಬಸ್ಸಿಗಿಂತ ಅಗ್ಗ, ಸೀಟು ಸಿಕ್ಕಿದರೆ ಪ್ರೂಫ್ ಕೂಡ ನೋಡಬಹುದು.

ನಮ್ಮ ಕಸುಬಿನ ಸಾಮಾನುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಸುಮ್ನೆ ದುಡ್ಡು ಹಾಕುವುದು ಇಲ್ಲೇ. ನನ್ನ ಲ್ಯಾಪ್‌ಟಾಪ್ ಹಳೆಯದು. ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿಸಿ, ವಿಂಡೋಸ್ ಬದಲು ಕೇರಳ ಸರ್ಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್‌ನವರ ಗ್ನು ಲಿನಕ್ಸ್ ಹಾಕಿಕೊಂಡ ಮೇಲೆ ಚೆನ್ನಾಗಿ ಓಡುತ್ತಿದೆ. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಇದರಲ್ಲೇ, ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು. ಬರೆಯಲು ಲಿಬ್ರೆಆಫೀಸ್ ಸಾಕು. ನಿಘಂಟುಗಳಿಗಂತೂ ನಮ್ಮ ತಲೆಮಾರು ಪುಣ್ಯ ಮಾಡಿದೆ. ಮಲಯಾಳಕ್ಕೆ ಓಳಂ, ಕನ್ನಡಕ್ಕೆ ಅಲರ್, ಎರಡೂ ಉಚಿತ. ಹಳೆಯ ಮಾತು ಬಂದರೆ ಮಲಯಾಳಕ್ಕೆ 1872ರ ಗುಂಡರ್ಟ್ ನಿಘಂಟು, ಕನ್ನಡಕ್ಕೆ 1894ರ ಕಿಟೆಲ್ ನಿಘಂಟು. ಎರಡೂ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ನಿನಲ್ಲಿ, ಈಗ ಎರಡೂ ಪಿಡಿಎಫ್ ಆಗಿ ಸಿಗುತ್ತವೆ. ಭಾಷೆಗಾಗಿ ಅವರೆಲ್ಲ ಸವೆಸಿದ ವರ್ಷಗಳು ನಮಗೆ ಬಿಟ್ಟಿಯಾಗಿ ಸಿಕ್ಕಿವೆ ಅಂತ ನೆನೆದಾಗ ಮನಸ್ಸು ತುಂಬಿ ಬರುತ್ತದೆ.

ಆದರೆ ಕುರ್ಚಿಯಲ್ಲಿ ಜುಗ್ಗತನ ಬೇಡ. ಬೆನ್ನು ಹೋದರೆ ಕೆಲಸವೇ ಹೋಯಿತು. ಕನ್ನಡಕದ ನಂಬರ್ ಬದಲಾಗಿದ್ದರೆ ಮುಂದೂಡಬೇಡಿ. ಕಡತಗಳನ್ನು ಇನ್ನೊಂದು ಕಡೆಯೂ ಉಳಿಸಲು ಒಂದು ಹಾರ್ಡ್ ಡಿಸ್ಕ್ ಬೇಕು. ಮಿಂಚು ಬಡಿಯುವ ನಮ್ಮ ಊರಿನಲ್ಲಿ ಅದು ಆಡಂಬರ ಅಲ್ಲ. ಮತ್ತೆ, ಜೊತೆಯಲ್ಲಿ ಬರೆಯುವವರ ಪುಸ್ತಕವನ್ನು ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ. ಗಡಿಯಾಚೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ನಾವೇ ಕೊಳ್ಳದಿದ್ದರೆ ಇನ್ಯಾರು ಕೊಳ್ಳಬೇಕು?

ಬರಬೇಕಾದ ದುಡ್ಡನ್ನು ತರಿಸಿಕೊಳ್ಳುವುದೂ ಉಳಿತಾಯವೇ. ಯಾರಿಗೆ ಏನು ಕೊಟ್ಟೆ, ಯಾವಾಗ ಕೊಟ್ಟೆ, ಎಷ್ಟು ಬರಬೇಕು, ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ಮರ್ಯಾದೆಯಿಂದ ನೆನಪಿಸಿ. ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಅವರು ವೃತ್ತಿ ಶುಲ್ಕದಿಂದ ಶೇಕಡಾ 10 ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿಯುತ್ತಾರೆ. 2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು. ನಮ್ಮಂಥವರಲ್ಲಿ ಹೆಚ್ಚಿನವರ ಆದಾಯ ತೆರಿಗೆ ಬೀಳುವಷ್ಟು ಇರುವುದಿಲ್ಲ, ಹಾಗಾಗಿ ರಿಟರ್ನ್ಸ್ ಹಾಕುವುದಿಲ್ಲ. ಹಾಕದಿದ್ದರೆ ಹಿಡಿದದ್ದು ವಾಪಸ್ ಬರುವುದಿಲ್ಲ. ಪಾನ್ ನಂಬರ್ ಸರಿಯಾಗಿ ಕೊಟ್ಟಿದ್ದೀರಾ ಅಂತಲೂ ನೋಡಿಕೊಳ್ಳಿ, ಅದಿಲ್ಲದಿದ್ದರೆ ಶೇಕಡಾ 20 ಹೋಗುತ್ತದೆ.

ಕಳೆದ ಮಳೆಗಾಲದಲ್ಲಿ ದೊಡ್ಡದೊಂದು ಅನುವಾದದ ಕೆಲಸ ಬಂದಿತ್ತು, ನಾನು ಸಾಮಾನ್ಯವಾಗಿ ತೆಗೆದುಕೊಳ್ಳುವುದರ ಅರ್ಧ ದರಕ್ಕೆ, ಅದೂ ಅವಸರದಲ್ಲಿ. ಖಾತೆ ನೋಡಿದೆ, ದೀಪಾವಳಿವರೆಗೆ ತೊಂದರೆ ಇರಲಿಲ್ಲ. ಬೇಡ ಅಂದೆ. ಆ ಬಿಡುವಿನಲ್ಲಿ, ತುಂಬಾ ಸಮಯದಿಂದ ಮಾಡಬೇಕೆಂದಿದ್ದ ಕೆಲವು ಮಲಯಾಳ ಕತೆಗಳನ್ನು ಕನ್ನಡಕ್ಕೆ ತಂದೆ. ಮೂಲ ಲೇಖಕರ ಒಪ್ಪಿಗೆ ಪತ್ರ ಬಂದಿದೆ. ಈಗ ಪ್ರಕಾಶಕರನ್ನು ಹುಡುಕುತ್ತಿದ್ದೇನೆ.