ವರಾಂಡದ ಕೊಡೆಗಳು

ಮ್ಯಾಗಜೀನಿಗೆ ಏನಾದರೂ ಬರೆದುಕೊಡಿ ಅಂತ ನಾನು ಓದಿದ ಕೊಡಗಿನ ಎಂಜಿನಿಯರಿಂಗ್ ಕಾಲೇಜಿಂದ ಫೋನ್ ಬಂದಾಗ ನಾನು ಒಂದು ಎಕ್ಸೆಲ್ ಶೀಟಿನ ಮುಂದೆ ಕೂತಿದ್ದೆ. ನಾನೀಗ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಪಾಠದ ಜೊತೆಗೆ ತಲೆಗೆ ಕಟ್ಟಿರುವ ಇನ್ನೊಂದು ಕೆಲಸ, ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆಯಾದ ಎನ್‌ಬಿಎ ಫೈಲುಗಳದ್ದು. ಯಾವ ಪ್ರಶ್ನೆಗೆ ಎಷ್ಟು ಜನ ಉತ್ತರ ಬರೆದರು, ಎಷ್ಟು ಅಂಕ ತೆಗೆದರು ಅಂತ ಕಾಲಂ ತುಂಬಿಸುತ್ತಿದ್ದೆ. ಫೋನ್ ಇಟ್ಟು ಮತ್ತೆ ಶೀಟಿನ ಕಡೆ ತಿರುಗಿದೆ. ಇದನ್ನು ಹಿಂದೆಯೇ ಎಲ್ಲೋ ನೋಡಿದ್ದೇನಲ್ಲಾ ಅನ್ನಿಸಿತು. ಎಕ್ಸೆಲ್‌ನಲ್ಲಿ ಅಲ್ಲ, ಒಂದು ಗ್ರಾಫ್ ಪುಸ್ತಕದಲ್ಲಿ.

ನಾನು ಕಾಲೇಜಿಗೆ ಸೇರಿದ್ದು 2010ರಲ್ಲಿ. ನಮ್ಮದು ವಿರಾಜಪೇಟೆ ಕಡೆಯ ಸಣ್ಣ ತೋಟ. "ಕಾಫಿ ಎಲ್ಲೂ ಓಡಿಹೋಗಲ್ಲ, ನೀನು ಕಂಪ್ಯೂಟರ್ ಓದು" ಅಂತ ಅಪ್ಪ ಕಳಿಸಿದರು. ಮಳೆಗಾಲದಲ್ಲಿ ಕ್ಲಾಸಿಗೆ ಬಂದವರೆಲ್ಲ ಅರ್ಧ ಒದ್ದೆ. ಕರೆಂಟ್ ಹೋಯಿತೆಂದರೆ ಎಲ್ಲೋ ಒಂದು ಸಿಲ್ವರ್ ಓಕ್ ಲೈನ್ ಮೇಲೆ ಬಿತ್ತು ಅಂತಲೇ ಲೆಕ್ಕ. ಲ್ಯಾಬಿನಲ್ಲಿ ಯುಪಿಎಸ್ ಕೂಗಲು ಶುರುವಾದ ಕೂಡಲೇ ಎಲ್ಲರೂ ಎಫ್2 ಒತ್ತಿ ಸೇವ್ ಮಾಡುತ್ತಿದ್ದೆವು. ಮರೆತವರು ಇನ್ನೊಮ್ಮೆ ಮೊದಲಿಂದ ಟೈಪ್ ಮಾಡುತ್ತಿದ್ದರು.

ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಬಂತು, ಅಂದರೆ ಕಂಪ್ಯೂಟರಿನೊಳಗೆ ಮಾಹಿತಿಯನ್ನು ಜೋಡಿಸಿಡುವ ಬಗೆ. ಮೇಡಂ ಸಣ್ಣ ದನಿಯವರು. ಮಳೆ ಜೋರಾದರೆ ತಗಡಿನ ಸದ್ದಿನಲ್ಲಿ ಅವರ ಮಾತು ಮುಳುಗಿಹೋಗುತ್ತಿತ್ತು. ಆಗ ಸುಮ್ನೆ ಬೋರ್ಡಿನ ಮೇಲೆ ಬರೆಯುತ್ತಾ ಹೋಗುತ್ತಿದ್ದರು. ಎರಡನೇ ಇಂಟರ್ನಲ್ಸ್ ಮುಗಿದ ಮೇಲೆ ಒಂದು ದಿನ ಪೇಪರ್ ಕಟ್ಟಿನ ಜೊತೆಗೆ ಒಂದು ಗ್ರಾಫ್ ಪುಸ್ತಕವನ್ನೂ ತಂದರು. ಪುಟದ ಮೇಲ್ಗಡೆ ಅಡ್ಡಕ್ಕೆ ಪ್ರಶ್ನೆ ಸಂಖ್ಯೆ, ಎಡಗಡೆ ಉದ್ದಕ್ಕೆ ನಮ್ಮ ರೋಲ್ ನಂಬರ್. ಸರಿ ಬರೆದವರಿಗೆ ಹಸಿರು ಚುಕ್ಕೆ, ತಪ್ಪಿದವರಿಗೆ ಕೆಂಪು, ಬಿಟ್ಟವರಿಗೆ ಖಾಲಿ ಚೌಕ. ಮೂರು-ಬಿ ಅನ್ನುವ ಕಾಲಂ ಮಾತ್ರ ಗಿಡವೆಲ್ಲ ಒಣಗಿಹೋದ ಸಾಲಿನಂತೆ ಬಿಕೋ ಅನ್ನುತ್ತಿತ್ತು. ಲಿಂಕ್ಡ್ ಲಿಸ್ಟ್, ಅಂದರೆ ಒಂದೊಂದೂ ಮುಂದಿನದರ ವಿಳಾಸ ಹೊತ್ತಿರುವ ಸರಪಳಿ; ಅದರ ನಡುವಿನಿಂದ ಒಂದು ನೋಡ್, ಅಂದರೆ ಒಂದು ಕೊಂಡಿ, ತೆಗೆಯುವ ಪ್ರಶ್ನೆ ಅದು. 61 ಜನರಲ್ಲಿ ಅದನ್ನು ಮುಟ್ಟಿದವರು ಒಂಬತ್ತು.

ಬೈಯುತ್ತಾರೆ ಅಂತ ಕಾಯುತ್ತಿದ್ದೆವು. ಅವರು ಬೈಯಲಿಲ್ಲ. "ಇಷ್ಟು ಜನ ಒಟ್ಟಿಗೆ ಬಿಟ್ಟಿದ್ದೀರಿ ಅಂದರೆ ನಾನು ಹೇಳಿಕೊಟ್ಟಿದ್ದರಲ್ಲೇ ಏನೋ ಎಡವಟ್ಟಾಗಿದೆ. ಎಲ್ಲರೂ ವರಾಂಡಕ್ಕೆ ಬನ್ನಿ" ಅಂದರು.

ಮಳೆಗಾಲದಲ್ಲಿ ಕೊಡಗಿನ ಕಾಲೇಜಿನ ವರಾಂಡ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಉದ್ದಕ್ಕೂ ನೀರು ಸುರಿಸುತ್ತಾ ಬಿಚ್ಚಿಟ್ಟ ಕೊಡೆಗಳು, ಅವುಗಳ ನಡುವೆ ದಾಟಿಕೊಂಡು ಓಡಾಡುವ ನಾವು. ಮೇಡಂ ಹತ್ತು ಕೊಡೆ ಆರಿಸಿ ಒಂದೊಂದಕ್ಕೂ ನಂಬರ್ ಕೊಟ್ಟರು. ಹಿಡಿಗೆ ಒಂದೊಂದು ಚೀಟಿಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದರು. ಚೀಟಿಯಲ್ಲಿ ಇರುವುದು ಮುಂದೆ ಯಾವ ಕೊಡೆಗೆ ಹೋಗಬೇಕು ಅನ್ನುವುದು ಮಾತ್ರ. ಕೊಡೆಗಳು ಒಂದು ಆ ತುದಿಯಲ್ಲಿ, ಇನ್ನೊಂದು ಈ ತುದಿಯಲ್ಲಿ. ಮೊದಲನೆಯದು ಯಾವುದು ಅಂತ ಅವರೇ ಹೇಳಿದರು. ನಾವು ಚೀಟಿ ಓದುತ್ತಾ ಒಂದರಿಂದ ಒಂದಕ್ಕೆ ಓಡಿದೆವು. ಅಷ್ಟರವರೆಗೆ ಆಟ.

ಆಮೇಲೆ ನಾಲ್ಕನೇ ಕೊಡೆಯ ಹುಡುಗಿಗೆ "ನಿನ್ನ ಬಸ್ಸು ಬಂತು, ಹೊರಡು" ಅಂದರು. ಅವಳು ಕೊಡೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು. ಚೀಟಿಯೂ ಅವಳ ಜೊತೆಗೇ ಹೋಯಿತು. "ಈಗ ಐದನೆಯದು ಎಲ್ಲಿ?"

"ಅಲ್ಲೇ ಇದೆಯಲ್ಲಾ ಮೇಡಂ, ಕಣ್ಣೆದುರೇ" ಅಂದ ಹಿಂದಿನ ಬೆಂಚಿನ ಒಬ್ಬ.

"ನಿನಗೆ ಕಣ್ಣಿದೆ. ಪ್ರೋಗ್ರಾಮಿಗಿಲ್ಲ."

ಅವತ್ತು ತಲೆಗೆ ಹೋಗಿದ್ದು ಇವತ್ತಿಗೂ ಇಳಿದಿಲ್ಲ. ಹೊರಡುವವಳ ಚೀಟಿಯಲ್ಲಿರುವ ನಂಬರನ್ನು ಮೊದಲು ಹಿಂದಿನ ಕೊಡೆಯ ಚೀಟಿಗೆ ಬರೆದುಕೊಳ್ಳಬೇಕು, ಆಮೇಲೆ ಅವಳನ್ನು ಕಳಿಸಬೇಕು. ಕ್ರಮ ತಪ್ಪಿದರೆ ಉಳಿದ ಆರೂ ಕೊಡೆ ಅಲ್ಲೇ ನೆನೆಯುತ್ತಾ ನಿಂತಿರುತ್ತವೆ, ಅಲ್ಲಿಗೆ ದಾರಿ ಮಾತ್ರ ಇರುವುದಿಲ್ಲ. ವರಾಂಡದ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ, ಯಾರದ್ದೂ ಅಲ್ಲದ ಮೂರು ಮುರುಕು ಕೊಡೆಗಳನ್ನು ತೋರಿಸಿ "ಅದು ಮೆಮೊರಿ ಲೀಕ್, ಯಾರಿಗೂ ಸಿಗದೆ ಜಾಗ ಮಾತ್ರ ಹಿಡಿದಿರೋದು" ಅಂದರು. ಎಲ್ಲರೂ ನಕ್ಕೆವು.

ಮೂರನೇ ಇಂಟರ್ನಲ್ಸ್‌ನಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಆ ಕಾಲಂ ಮುಕ್ಕಾಲು ಪಾಲು ಹಸಿರಾಯಿತು. ಪುಟದ ಕೆಳಗೆ ಮೇಡಂ ಬರೆದುಕೊಂಡಿದ್ದನ್ನು ನಾನು ಕದ್ದು ಓದಿದೆ: "ಮುಂದಿನ ಬ್ಯಾಚಿಗೆ ಮೊದಲು ಕೊಡೆ, ಆಮೇಲೆ ಬೋರ್ಡು." ಜೂನಿಯರ್‌ಗಳನ್ನು ಕೇಳಿದೆ. ಅವರಿಗೆ ಕೊಡೆಯಿಂದಲೇ ಶುರುವಾಗಿತ್ತಂತೆ.

ಇಷ್ಟಾಗಿಯೂ ನಾನು ಒಳ್ಳೆಯ ವಿದ್ಯಾರ್ಥಿಯಾಗಿದ್ದೆ ಅಂದುಕೊಳ್ಳಬೇಡಿ. ನಮ್ಮ ಕಾಲದ ವಿಟಿಯು (ನಮ್ಮ ತಾಂತ್ರಿಕ ವಿಶ್ವವಿದ್ಯಾಲಯ) ಪರೀಕ್ಷೆಯಲ್ಲಿ ಎಂಟು ಯೂನಿಟ್, ಎರಡು ಭಾಗದಲ್ಲಿ ಎಂಟು ಪ್ರಶ್ನೆ. ಒಂದೊಂದು ಭಾಗದಿಂದ ಕನಿಷ್ಠ ಎರಡರಂತೆ ಐದು ಬರೆದರೆ ಸಾಕು. ಅಂದರೆ ಮೂರು ಯೂನಿಟ್ ಮುಟ್ಟದೆಯೂ ಪೂರ್ತಿ ನೂರಕ್ಕೆ ಬರೆಯಬಹುದಿತ್ತು. ನಾನು ಕೊನೆಯ ಯೂನಿಟ್ಟಿನ ಎವಿಎಲ್ ಟ್ರೀ, ರೆಡ್-ಬ್ಲ್ಯಾಕ್ ಟ್ರೀ ಅನ್ನುವ, ಮಾಹಿತಿಯನ್ನು ಮರದ ಕವಲಿನಂತೆ ಜೋಡಿಸುವ ಪಾಠಗಳನ್ನು ಹಾಗೇ ಬಿಟ್ಟೆ. ಅಂಕ ಚೆನ್ನಾಗಿಯೇ ಬಂತು. ಆಮೇಲೆ ಬೆಂಗಳೂರಿನ ಒಂದು ಇಂಟರ್‌ವ್ಯೂನಲ್ಲಿ ಸರಿಯಾಗಿ ಅದನ್ನೇ ಕೇಳಿದರು. ಕೊಡಗಿನವರು ಮರದ ಪ್ರಶ್ನೆಯಲ್ಲಿ ಬೀಳಬಾರದಿತ್ತು, ಬಿದ್ದೆ. ಮಾರ್ಕ್ಸ್ ಕಾರ್ಡಿನಲ್ಲಿ ಅದು ಎಲ್ಲೂ ಕಾಣುವುದಿಲ್ಲ. 2015ರಲ್ಲಿ ಬಂದ ಸಿಬಿಸಿಎಸ್ ಅನ್ನುವ ಹೊಸ ಸ್ಕೀಮಿನಿಂದ ಐದು ಮಾಡ್ಯೂಲ್ ಆಯಿತು, ಒಂದೊಂದರಿಂದಲೂ ಒಂದು ಪ್ರಶ್ನೆ ಬರೆಯಲೇಬೇಕು. ಈಗಿನ ಹುಡುಗರು ಇದಕ್ಕೆ ಗೊಣಗುತ್ತಾರೆ. ನಾನು ಸುಮ್ನಿರುತ್ತೇನೆ.

ನಾವು ಕಾಲೇಜು ಬಿಟ್ಟಿದ್ದು 2014ರಲ್ಲಿ. ಅದೇ ವರ್ಷ ಜೂನ್ 13ಕ್ಕೆ ಭಾರತ ವಾಷಿಂಗ್ಟನ್ ಅಕಾರ್ಡಿನ ಖಾಯಂ ಸದಸ್ಯ ಆಯಿತು. ಎನ್‌ಬಿಎ ಮಾನ್ಯತೆ ಸಿಕ್ಕ ಕೋರ್ಸುಗಳಿಗೆ ಹೊರದೇಶದಲ್ಲೂ ಬೆಲೆ ಬರುವುದು ಈ ಒಪ್ಪಂದದಿಂದ. ನ್ಯಾಕ್ ಮತ್ತು ಎನ್‌ಬಿಎ ಎರಡೂ 1994ರಲ್ಲಿ ಹುಟ್ಟಿದವು. ನ್ಯಾಕ್ ನೋಡುವುದು ಇಡೀ ಸಂಸ್ಥೆಯನ್ನು, ಎನ್‌ಬಿಎ ನೋಡುವುದು ಒಂದೊಂದು ಕೋರ್ಸನ್ನು. ಹೀಗಾಗಿ ಕಂಪ್ಯೂಟರ್ ಸೈನ್ಸಿನ ಫೈಲು ಕಂಪ್ಯೂಟರ್ ಸೈನ್ಸಿನವರೇ ಹೊರಬೇಕು. ಈ ವಿಷಯ ಓದಿದವನಿಗೆ ಏನು ಬರಬೇಕು ಅನ್ನುವುದು ಸಿಒ (ಕೋರ್ಸ್ ಔಟ್‌ಕಮ್). ನಾಲ್ಕು ವರ್ಷ ಮುಗಿಸಿ ಹೊರಬಿದ್ದವನಿಗೆ ಏನು ಬರಬೇಕು ಅನ್ನುವುದು ಪಿಒ (ಪ್ರೋಗ್ರಾಂ ಔಟ್‌ಕಮ್). ಪಿಒ ಹನ್ನೆರಡಿದ್ದವು, ಈಚೆಗೆ ಹನ್ನೊಂದು ಮಾಡಿದ್ದಾರೆ. ಎರಡನ್ನೂ ಒಂದು ಚೌಕದಲ್ಲಿ ಎದುರುಬದುರು ಇಟ್ಟು ನಂಟು ಎಷ್ಟಿದೆ ಅಂತ 1, 2, 3 ಹಾಕಬೇಕು. ಒಬ್ಬರು ಕಂಪೈಲರ್ ಡಿಸೈನ್ ಅನ್ನುವ ವಿಷಯಕ್ಕೂ ಪರಿಸರದ ಪಿಒಗೂ 2 ಹಾಕಿದ್ದರು. ಯಾಕೆ ಅಂತ ಕೇಳಿದೆ. "ಖಾಲಿ ಬಿಟ್ಟರೆ ಚೆನ್ನಾಗಿ ಕಾಣಲ್ಲ ಸಾರ್" ಅಂದರು.

ಕೋರ್ಸ್ ಮುಗಿದ ಮೇಲೆ ಹುಡುಗರಿಂದ ಒಂದು ಸರ್ವೇ ಫಾರಂ ತುಂಬಿಸಬೇಕು. ಅವರು ಊಟಕ್ಕೆ ಹೋಗುವ ಅವಸರದಲ್ಲಿ ಮೇಲಿಂದ ಕೆಳಗೆ ಐದಕ್ಕೆ ಐದು ಗೀಚುತ್ತಾರೆ. ನಮ್ಮ ಮೇಡಂ ಖಾಲಿ ಚೀಟಿ ಕೊಟ್ಟು, "ಅರ್ಥ ಆಗದೇ ಇದ್ದ ಒಂದೇ ಒಂದು ವಿಷಯ ಬರೀರಿ, ಹೆಸರು ಬೇಡ" ಅನ್ನುತ್ತಿದ್ದರು. ನಮ್ಮ ಅಕ್ಷರ ಅವರಿಗೆ ಗೊತ್ತಿತ್ತು ಬಿಡಿ.

ಕಾಫಿ ಮಾರಲು ಅಪ್ಪನ ಜೊತೆ ಗೋಣಿಕೊಪ್ಪಕ್ಕೆ ಹೋಗುತ್ತಿದ್ದ ನೆನಪಿದೆ. ಮಂಡಿಯವರು ಚೀಲದ ಬಾಯಿ ಬಿಚ್ಚಿ ಮೇಲಿನ ಹಣ್ಣು ನೋಡುವುದೇ ಇಲ್ಲ. ನಡುವೆ, ಅಡಿಯಲ್ಲಿ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೆಯುತ್ತಾರೆ. ಸಿಪ್ಪೆ ಬಿಡಿಸಿ ಬೀಜ ತೂಗಿ 50 ಕೆಜಿ ಚೀಲಕ್ಕೆ ಎಷ್ಟು ಬೀಜ ಬರುತ್ತೆ ಅಂತ ಓಟಿ ಹಿಡಿಯುತ್ತಾರೆ. ಆ ಓಟಿಯ ಮೇಲೆಯೇ ರೇಟು. ಅಲ್ಲಿ ಅಪ್ಪ ಮಾತಾಡುತ್ತಿರಲಿಲ್ಲ, ಬರೀ ತಕ್ಕಡಿ ನೋಡುತ್ತಿದ್ದರು.

ನಮ್ಮಲ್ಲಿಗೆ ಹಿಂದಿನ ಸಲ ಫೈಲು ಪರಿಶೀಲಿಸಲು ಬಂದ ಎನ್‌ಬಿಎ ತಂಡದಲ್ಲೂ ಅಂಥ ಒಬ್ಬ ಮೇಷ್ಟ್ರಿದ್ದರು. ನಾವು ಮೇಜಿನ ಮೇಲೆ ಚೆಂದವಾಗಿ ಜೋಡಿಸಿದ್ದ ಉತ್ತರಪತ್ರಿಕೆಗಳನ್ನು ಪಕ್ಕಕ್ಕೆ ಸರಿಸಿ, ತಮಗೆ ತೋಚಿದ ರೋಲ್ ನಂಬರ್ ಹೇಳಿ ತರಿಸಿದರು. ಆಮೇಲೆ ಮೂರು ವರ್ಷದ ಫೈಲು ಬಿಚ್ಚಿ ಒಂದೇ ವಿಷಯದ ಮೂರು ಪುಟ ಅಕ್ಕಪಕ್ಕ ಇಟ್ಟರು. ಕಡಿಮೆ ಬಂದ ಸಿಒ ಎದುರು ಮೂರೂ ಕಡೆ ನನ್ನದೇ ಸಾಲು: "ಹೆಚ್ಚುವರಿ ತರಗತಿ ತೆಗೆದುಕೊಳ್ಳಲಾಯಿತು." ಅಂಕ ಮೂರೂ ವರ್ಷ ಅಲ್ಲೇ ನಿಂತಿತ್ತು. ಅವರು ಏನೂ ಹೇಳಲಿಲ್ಲ, ನನ್ನ ಮುಖ ನೋಡಿ ನಕ್ಕರು ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಆ ರಾತ್ರಿ ನಮ್ಮ ಮೇಡಂಗೆ ಫೋನ್ ಮಾಡಿದೆ. ಗ್ರಾಫ್ ಪುಸ್ತಕ ಇನ್ನೂ ಇದೆಯಾ ಅಂತ ಕೇಳಿದೆ. ಒಂದು ಕಪಾಟು ತುಂಬಾ ಇದೆಯಂತೆ, ಅರ್ಧ ಬೂಸ್ಟು ಹಿಡಿದು ಹಾಳಾಗಿವೆಯಂತೆ. "ಅದೆಲ್ಲಾ ಯಾರಿಗೆ ಬೇಕು ಈಗ, ನಿಮ್ಮದು ಕಂಪ್ಯೂಟರಲ್ಲೇ ಆಗುತ್ತಲ್ಲಾ" ಅಂದರು.

ಈ ವರ್ಷ ಲಿಂಕ್ಡ್ ಲಿಸ್ಟಿಗೆ ನಾನೂ ಹುಡುಗರನ್ನು ವರಾಂಡಕ್ಕೆ ಕರೆದುಕೊಂಡು ಹೋದೆ. ಮೈಸೂರಿನ ಬಿಸಿಲಲ್ಲಿ ಒಬ್ಬರ ಹತ್ರವೂ ಕೊಡೆ ಇರಲಿಲ್ಲ. ಹೆಲ್ಮೆಟ್ ಇಟ್ಟು ಮಾಡಿದೆವು. ಐದನೆಯದು ಉರುಳಿಕೊಂಡು ಮೆಟ್ಟಿಲಿಳಿದು ಹೋಯಿತು, ಹುಡುಗರು ಅದರ ಹಿಂದೆ ಓಡಿದರು. ಪಾಠ ಎಷ್ಟು ತಲೆಗೆ ಹೋಯಿತೋ ಗೊತ್ತಿಲ್ಲ. ಇಂಟರ್ನಲ್ಸ್ ಪೇಪರ್ ಮೊನ್ನೆ ಬಂದಿದೆ. ಮೂರು-ಬಿ ಇನ್ನೂ ಎಣಿಸಿಲ್ಲ.